ತೆರೆಯ ಪಕ್ಕ ನಿಂತ ಶಿವನಂಜಪ್ಪನವರು

ಅಲ್ಲ, ಅವರು ನಿಲ್ಲುತ್ತಿದ್ದದ್ದು ಸಿನಿಮಾ ತೆರೆಯ ಎಡಕ್ಕಲ್ಲ, ಬಲಕ್ಕೆ ಇರಬೇಕು. ಕಿಟಕಿ ಎಡಕ್ಕಿತ್ತು, ಅದಕ್ಕೆ ಕಪ್ಪು ಬಟ್ಟೆ ಕಟ್ಟುತ್ತಿದ್ದವಳು ನಾನೇ. ಇಷ್ಟೂ ಖಾತ್ರಿಯಿಲ್ಲದವಳು ಅವರ ಮಾತುಗಳನ್ನು ಇದ್ದ ಹಾಗೇ ಒಪ್ಪಿಸುತ್ತೇನೆ ಎಂದರೆ ಪೂರಾ ನಂಬಬೇಡಿ. ಚೆನ್ನಾಗಿ ನೆನಪಿರುವುದು ಧ್ವನಿ ಮಾತ್ರ.

ಶಿವನಂಜಪ್ಪನವರು ಕೋರ್ಟಿನಲ್ಲಿ ಅನುವಾದಕರಾಗಿ ನಿವೃತ್ತರಾದವರು. ರಾಮಕೃಷ್ಣನಗರದ ತಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಪರದೇಶದ ಸಿನಿಮಾ ತೋರಿಸುತ್ತಿದ್ದರು. ಇಂಗ್ಲಿಷ್ ಬಾರದ ನೆರೆಹೊರೆಯವರಿಗಾಗಿ ಮೈಕು ಹಿಡಿದು ನಿಂತು, ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಸಾಲು ಓದಿಕೊಂಡು, ಪಾತ್ರಗಳು ಆಡಿದ್ದನ್ನೆಲ್ಲ ಆಗಿಂದಾಗಲೇ ಕನ್ನಡ ಮಾಡುತ್ತಿದ್ದರು. ಅವರ ಬಾಯಲ್ಲಿ ಇಟಲಿಯ ನಾಯಕಿ "ಸಾಕು ಬುಡೋ, ನಿನ್ನ ನಂಬಿ ಕೆಟ್ಟೆ" ಎನ್ನುವಳು. ಜಪಾನಿನ ಮುದುಕ ಸೊಸೆಯನ್ನು "ಊಟ ಆಯ್ತೇನವ್ವಾ" ಎಂದು ವಿಚಾರಿಸುವನು. ಮೊದಲು ನಗು ಬರುತ್ತಿತ್ತು. ಐದು ನಿಮಿಷದಲ್ಲಿ ಅವರು ಕಾಣೆಯಾಗಿ, ಮಾತು ತೆರೆಯೊಳಗಿಂದಲೇ ಬರುತ್ತಿದೆ ಅನ್ನಿಸುತ್ತಿತ್ತು.

ಪಕ್ಕದ ಮನೆಯ ಗೌರಮ್ಮನವರಿಗೆ ತಾಳ್ಮೆ ಕಡಿಮೆ. "ಕೊನೆಗೆ ಇವ್ಳು ಅವನ್ನೇ ಮದ್ವೆ ಆಯ್ತಾಳಾ? ಮುಂಚೇನೇ ಹೇಳ್ಬುಡಿ ಸಾರ್" ಎಂದು ಪೀಡಿಸುವರು.

"ಸಾಕ್ಷಿ ಹೇಳ್ದಷ್ಟೇ ನಾನು ಹೇಳೋದು ಕಣಮ್ಮ. ಒಗ್ಗರಣೆ ಹಾಕೋ ಅಧಿಕಾರ ನಂಗಿಲ್ಲ" ಎನ್ನುವರು ಇವರು.

ಆ ಭಾನುವಾರ ಆಸ್ಟ್ರೇಲಿಯಾದ ಚಿತ್ರ. ಪುಟ್ಟ ದೇಶವೊಂದರ ಮೇಲೆ ಪಕ್ಕದ ದೊಡ್ಡ ದೇಶದ ಸೇನೆ ಎರಗುತ್ತದೆ. ಅದನ್ನು ಚಿತ್ರೀಕರಿಸಲು ಹೋದ ಎಳೆಯ ವಯಸ್ಸಿನ ಟೀವಿ ವರದಿಗಾರರನ್ನು ಸೈನಿಕರು ಕೊಲ್ಲುತ್ತಾರೆ. ತೆರೆಯ ಮೇಲೆ ಅವರು ಕಿರುಚುತ್ತಿದ್ದರೆ ಶಿವನಂಜಪ್ಪನವರು ತಗ್ಗಿದ ದನಿಯಲ್ಲಿ ಹೇಳಿದರು: "ನಾವು ಟೀವಿಯೋರು ಕಣ್ರಪ್ಪಾ, ನಮ್ಮತ್ರ ಏನೂ ಇಲ್ಲ." ಆಮೇಲೆ ಅಧಿಕಾರಿಗಳ ಹೇಳಿಕೆ ಬಂತು: ಎರಡು ಕಡೆಯ ಗುಂಡುಗಳ ನಡುವೆ ಸಿಕ್ಕಿ ಸತ್ತರು. ಅದನ್ನೂ ಹೇಳಿದರು. ಒಂದು ಉಸಿರು ಬಿಟ್ಟು, "ಸುಳ್ಳು" ಎಂದರು. ಆ ಪದ ಚಿತ್ರದಲ್ಲಿರಲಿಲ್ಲ.

ಗೌರಮ್ಮನವರನ್ನು ಈಗ ಕೇಳಿದರೆ, "ಅವ್ರೆಲ್ಲಿ ಅಂದ್ರು? ಕೂಗಿದ್ದು ನಾನು ಕಣಮ್ಮ!" ಎನ್ನುತ್ತಾರೆ. ಇರಬಹುದು. ಯಾರೇ ಅಂದಿರಲಿ, ತಾಗಿದ್ದು ನನಗೆ.

ಆಗ ನಾನು ಸಂಜೆ ಪತ್ರಿಕೆಯೊಂದರಲ್ಲಿ ವರದಿಗಾರ್ತಿ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮಹದೇವ ಎಂಬ ಕಾರ್ಮಿಕ ಯಂತ್ರಕ್ಕೆ ಸಿಕ್ಕಿ ಸತ್ತಿದ್ದ. ಸ್ವಂತ ಅಜಾಗರೂಕತೆಯಿಂದ ಸತ್ತ ಎಂಬ ಕಾರ್ಖಾನೆಯ ಹೇಳಿಕೆಯನ್ನೇ ವರದಿ ಮಾಡಿಟ್ಟಿದ್ದೆ, ಮರುದಿನ ಅಚ್ಚಾಗಬೇಕಿತ್ತು. ಕುರ್ಚಿ ಮಡಚಿಡುವಾಗ ಶಿವನಂಜಪ್ಪನವರಿಗೆ ಅದನ್ನು ಹೇಳಿದೆ.

"ಅಜಾಗರೂಕತೆ ಅಂತ ಯಾರ್ ಹೇಳಿದ್ದು?"

"ಅಲ್ಲಿನ ಮ್ಯಾನೇಜರ್, ಸಾರ್."

"ಅವ್ನು ನೋಡಿದ್ನಾ?"

"ಗೊತ್ತಿಲ್ಲ."

"ಮತ್ತೆ ನೀನೇನ್ ಕಣಮ್ಮ, ಅವನ ಮೈಕಾ?"

ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಮೇಟಗಳ್ಳಿಗೆ ಹೋದೆ. ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ ಮಹದೇವನ ಹೆಂಡತಿ ಸಿಕ್ಕಿದಳು. ಕೈ ಒಳಗೆ ಹೋಗದಂತೆ ಯಂತ್ರಕ್ಕಿದ್ದ ಜಾಲರಿ ಕಿತ್ತುಹೋಗಿ ಎರಡು ವಾರವಾಗಿತ್ತು, ಗಂಡ ದಿನವೂ ಮನೆಗೆ ಬಂದು ಅದನ್ನೇ ಹೇಳುತ್ತಿದ್ದ ಎಂದಳು. ಜೊತೆಯ ಕೆಲಸಗಾರರಿಬ್ಬರು ಹೌದೆಂದರು. ವರದಿಯನ್ನು ಹೊಸದಾಗಿ ಬರೆದೆ. ಸಂಪಾದಕರು ಗೊಣಗುತ್ತಲೇ ಹಾಕಿದರು.

ಪತ್ರಿಕೆ ಹಿಡಿದು ಶಿವನಂಜಪ್ಪನವರಲ್ಲಿಗೆ ಓಡಿದೆ. ಜ್ವರ ಬಂದು ಮಲಗಿದ್ದವರು ಎದ್ದು ಕೂತು, ಪ್ರತಿ ಸಾಲಿನ ಕೆಳಗೂ ಬೆರಳಾಡಿಸುತ್ತ ಓದಿದರು. "ಚೆನ್ನಾಗಿದೆ ಕಣಮ್ಮ" ಎಂದರು. ಇದೂ ತಪ್ಪು ನೆನಪೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆಮೇಲೆ ಬೆರಳು ಒಂದು ಕಡೆ ನಿಂತಿತು.

"ಮೃತನ ಪತ್ನಿ ಹೇಳಿದರು ಅಂತ ಬರ್ದಿದ್ದೀಯ. ಮ್ಯಾನೇಜರ್‌ಗೆ ಹೆಸ್ರಿದೆ. ಆ ಯಮ್ಮಂಗಿಲ್ವಾ?"

ನಾನು ಕೇಳಿಯೇ ಇರಲಿಲ್ಲ.

"ಕೇಳ್ಕೊಂಡ್ ಬಾ, ಹೋಗು" ಎಂದರು.

ಆ ವಾರ ಬೇರೆ ಬೇರೆ ಸುದ್ದಿಗಳ ಹಿಂದೆ ಓಡಾಡಿದೆ. ಜ್ವರ ಶ್ವಾಸಕೋಶಕ್ಕಿಳಿದು ಅವರು ತೀರಿಕೊಂಡರು. ಮಣ್ಣು ಮಾಡಿದ ಮರುದಿನ ಮೇಟಗಳ್ಳಿಗೆ ಹೋದೆ. ಆ ಕೋಣೆಯಲ್ಲಿ ಬೇರೆ ಸಂಸಾರವಿತ್ತು. ಅವಳು ತನ್ನ ಊರಿಗೆ ಹೋದಳಂತೆ. ಯಾವ ಊರೆಂದು ಯಾರಿಗೂ ತಿಳಿಯದು. ಕೆಲಸಗಾರರನ್ನು ಕೇಳಿದೆ. ಅವರಿಗೆಲ್ಲ ಅವಳು 'ಮಾದೇವನ ಹೆಂಡ್ತಿ' ಅಷ್ಟೇ.

ಅವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.