ಪರ್ಸಿ ಮೇಲಿನ ಸಿಗ್ಮಾ

ಮೊನ್ನೆ ಸಂಜೆ ನಮ್ಮ ಅಂಗಳದಲ್ಲಿ ಮೂವರಿದ್ದೆವು. ಹೆಂಡತಿ ಹಾಸುಗಲ್ಲಿನ ಪರ್ಸಿ ತೊಳೆಯುತ್ತಿದ್ದಳು. ಮಗಳು ತಾನು ಚಾಕ್‌ಪೀಸಿನಿಂದ ಬರೆದ ಕುಂಟಬಿಲ್ಲೆಯ ಮನೆಗಳನ್ನು ಅಳಿಸಬೇಡ ಅಂತ ಅಡ್ಡ ನಿಂತಿದ್ದಳು. ನಾನು ಕಟ್ಟೆ ಮೇಲೆ ಕೂತು ಇಬ್ಬರ ಜಗಳ ಕೇಳುತ್ತಿದ್ದೆ. ಕೊನೆಗೂ ನೀರು ಬಿತ್ತು. ಬಿಸಿಲಿಗೆ ಕಾದ ಶಹಾಬಾದ ಕಲ್ಲಿನಿಂದ ಹಸಿ ಚಾಕ್‌ಪೀಸಿನ ವಾಸನೆ ಎದ್ದಿತು. ಅಕ್ಕೋರು ನೆನಪಾದರು…

ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಅಂತೀವಿ. ಇವರು ಚಿತ್ತಾಪುರದವರು, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಮುಖ ನಾನು ನೋಡಿದ್ದಿಲ್ಲ. ನಮ್ಮ ಭೇಟಿಯೆಲ್ಲ ಮೊಬೈಲಿನ ಒಂದು ಗುಂಪಿನಲ್ಲಿ. ಸೇಡಂ, ವಾಡಿ, ಚಿಂಚೋಳಿ ಕಡೆಯವರು ಸಂಖ್ಯಾಶಾಸ್ತ್ರದ ಪ್ರಶ್ನೆ ಕೇಳಲಿಕ್ಕೆ ಮಾಡಿಕೊಂಡ ಗುಂಪು ಅದು. ಪ್ರಶ್ನೆಗಿಂತ ಜಗಳವೇ ಜಾಸ್ತಿ. ಯಾವ ಚಿಹ್ನೆ ಎಲ್ಲಿ ಬರೆಯಬೇಕು ಅಂತ ವಾಡಿಯವನೊಬ್ಬ ಊಟ ಬಿಟ್ಟು ವಾದಿಸುತ್ತಿದ್ದ. ಅಕ್ಕೋರು ಮಾತ್ರ ಟೈಪ್ ಮಾಡುತ್ತಿರಲಿಲ್ಲ. ಮನೆ ಅಂಗಳದ ಪರ್ಸಿ ಮೇಲೆ ಚಾಕ್‌ಪೀಸಿನಿಂದ ಬರೆದು ಫೋಟೋ ಹಾಕುತ್ತಿದ್ದರು. ಪ್ರತಿ ಫೋಟೋದ ಅಂಚಿನಲ್ಲೂ ಅವರ ಕಾಲ್ಬೆರಳು ಕಾಣುತ್ತಿದ್ದವು. ಯಾವ ಚಿಹ್ನೆ ಬರೆದರೂ ಅದರ ಕೆಳಗೆ ಎರಡು ಮಾತು ಕನ್ನಡದಲ್ಲಿ ಇರಲೇಬೇಕು: ಇದು ಏನು, ಎಷ್ಟು ನೋಡಿ ಬರೆದದ್ದು. ಅದಿಲ್ಲದ ಪ್ರಶ್ನೆಗೆ ಅವರಿಂದ ಉತ್ತರವಿಲ್ಲ.

ಆಗ ನಾನು ಶಹಾಬಾದದ ಒಂದು ಸಣ್ಣ ಲ್ಯಾಬಿನಲ್ಲಿದ್ದೆ. ಗೋಡೆಗಳ ಮೇಲೆ ಮಾಳಿಗೆ ಹಾಕುವಾಗ ಅದೇ ಕಾಂಕ್ರೀಟಿನ ಕೆಲವು ಗಟ್ಟಿಗಳನ್ನು ಅಚ್ಚಿನಲ್ಲಿ ತೆಗೆದು ಕಳಿಸುತ್ತಾರೆ. ಅವನ್ನು ಯಂತ್ರದಲ್ಲಿಟ್ಟು ಒಡೆದು, ಎಷ್ಟು ಭಾರ ತಾಳಿದವು ಅಂತ ಬರೆಯುವುದು ನನ್ನ ಕೆಲಸ. ಸುಲೇಪೇಟದ ಆಚೆಯ ಒಂದು ಪ್ರಾಥಮಿಕ ಸಾಲಿಯಿಂದ ನಾಲ್ಕು ಗಟ್ಟಿ ಬಂದಿದ್ದವು. ಸರಾಸರಿ ತೆಗೆದೆ, ಅವುಗಳ ಏರಿಳಿತ ತೆಗೆದೆ. ಸರಾಸರಿಯಲ್ಲಿ ಏರಿಳಿತದ ಪಾಲು ಕಳೆದರೂ ಬೇಕಾದಷ್ಟು ಬಲ ಉಳಿಯಬೇಕು. ಮಾಳಿಗೆ ಕೂದಲೆಳೆಯಲ್ಲಿ ಪಾಸಾಯಿತು. ಸಹಿ ಮಾಡಿ ಕಳಿಸಿಬಿಟ್ಟೆ.

ಎರಡು ದಿನ ಬಿಟ್ಟು ಅದೇ ಲೆಕ್ಕವನ್ನು ಗುಂಪಿನಲ್ಲಿ ಹಾಕಿದೆ. ಕೇಳಬೇಕು ಅಂತಲ್ಲ, ವಾಡಿಯವನ ಬಾಯಿ ಮುಚ್ಚಿಸಬೇಕು ಅಂತ. ಏರಿಳಿತಕ್ಕೆ ನಾನು ಸಿಗ್ಮಾ ಬರೆದಿದ್ದೆ. ಅವನು ಅಲ್ಲಿ ಎಸ್ ಬರಬೇಕು ಅಂದ. ಯಾವ ಅಕ್ಷರ ಬರೆದರೇನು, ಕಾಂಕ್ರೀಟಿಗೆ ಓದು ಬರುತ್ತದೇನು ಅಂತ ನಾನು ಅಂದೆ. ಬಹಳ ಮಂದಿ ನಕ್ಕರು.

ಅಷ್ಟರಲ್ಲಿ ಅಕ್ಕೋರ ಫೋಟೋ ಬಂತು. ನನ್ನ ಸಿಗ್ಮಾ ಬರೆದು, ಕೆಳಗೆ ಬರೆದಿದ್ದರು: "ಇದು ಎಲ್ಲಾ ನೋಡಿದವರು ಬರಿಯೋದು. ನೀ ನಾಕು ಗಟ್ಟಿ ನೋಡಿ ಇಡೀ ಮಾಳಿಗಿ ನೋಡೀನಿ ಅನ್ಲಿಕತ್ತೀಯೇನಪಾ? ಎಷ್ಟರಿಂದ ಭಾಗಿಸೀದಿ?"

ನಾಲ್ಕರಿಂದ ಭಾಗಿಸಿದ್ದೆ. ಕೆಲವನ್ನಷ್ಟೇ ನೋಡಿದವನು ಒಂದು ಕಡಿಮೆ ಮಾಡಿ, ಮೂರರಿಂದ ಭಾಗಿಸಬೇಕು. ನೋಡದೆ ಉಳಿದದ್ದಕ್ಕೆ ಅಂಜಿ ಬಿಡುವ ಜಾಗ ಅದು. ಮೂರರಿಂದ ಭಾಗಿಸಿದೆ. ಏರಿಳಿತ ಹಿಗ್ಗಿತು. ಮಾಳಿಗೆ ಫೇಲಾಯಿತು.

ಸಾಲಿಯ ಹೆಡ್‌ಮಾಸ್ತರರಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ಗುಂಪಿನಲ್ಲಿದ್ದ ನಂಬರ್ ಹುಡುಕಿ, ಮೊದಲ ಸಲ ಅಕ್ಕೋರಿಗೆ ಮಾಡಿದೆ. ತಪ್ಪು ಒಪ್ಪಿಕೊಂಡರೆ ನೌಕರಿ ಹೋಗುತ್ತದೆ, ಅಂಜಿಕೆ ಬಂದಿದೆ ಅಂದೆ.

"ಅಂಜಿಕಿ ಬಂದದಲ್ಲ, ಭಾಳ ಚಲೋ ಆತು," ಅಂದರು. "ಅದು ಹೋಗೋದ್ರಾಗ ಎದ್ದು ಹೋಗು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಒಂದೇ, ಆ ಮಾಳಿಗೆ… ಹೋಗಿ ನೋಡಿದರೆ ವರಾಂಡದ ಕಡೆ ಮಾಳಿಗೆಗೆ ಕೆಳಗಿನಿಂದ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಕಂಬಗಳನ್ನು ಆಗಲೇ ಬಿಚ್ಚಿ ಹಾಕಿದ್ದರು. ರಿಪೋರ್ಟ್ ಬರುವವರೆಗೆ ಮುಟ್ಟಬೇಡಿ ಅಂತ ಹೆಡ್‌ಮಾಸ್ತರರು ಹಟ ಹಿಡಿದು ತಡೆದಿದ್ದರಂತೆ. ನನ್ನ ಸಹಿ ನೋಡಿ ಬಿಟ್ಟಿದ್ದರು. ಆ ನೆರಳಿನಲ್ಲಿ ಮಕ್ಕಳು ಊಟಕ್ಕೆ ತಾಟು ಹಿಡಿದು ಸಾಲಾಗಿ ಕೂತಿದ್ದರು.

ಮೊದಲು ಮಕ್ಕಳನ್ನು ಮರದ ಕೆಳಗೆ ಕಳಿಸಿದೆ. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನ್ರಿ ಸಾಹೇಬ್ರ, ಮೊನ್ನೆ ಪಾಸಾದ ಮಾಳಿಗಿ ಇವತ್ತ ಫೇಲ್ ಹೆಂಗಾತ್ರಿ? ಕಾಪಿ ಹೊಡದು ಸಿಕ್ಕಬಿತ್ತೇನು?"

ತಪ್ಪು ಮಾಳಿಗೆಯದಲ್ಲ, ನನ್ನದು ಅಂದೆ. ಅವನು ಕಂಬಗಳನ್ನು ತಾನೇ ಎತ್ತಿ ನಿಲ್ಲಿಸಿದ. ಮುಂದಿನ ವಾರ ಮಾಳಿಗೆಯನ್ನೇ ಅಲ್ಲಲ್ಲಿ ಕೊರೆದು ನೋಡಿದಾಗ, ವರಾಂಡದ ಮೂಲೆಯ ತುಂಡು ನನ್ನ ಬೆರಳಲ್ಲೇ ಪುಡಿಯಾಯಿತು. ಆ ಭಾಗ ಒಡೆದು ಹೊಸದಾಗಿ ಹಾಕಿದರು. ಲ್ಯಾಬಿನ ಮಾಲಕರು ನನ್ನನ್ನು ತೆಗೆಯಲಿಲ್ಲ, ಆದರೆ ಬಹಳ ದಿನ ಮಾತೂ ಆಡಲಿಲ್ಲ. ಆ ಪುಡಿ ಇಂದಿಗೂ ಕನಸಿನಲ್ಲಿ ಬೆರಳಿಗೆ ಹತ್ತುತ್ತದೆ.

ಅಕ್ಕೋರ ಕಾಲಿಗೆ ಬಿದ್ದು ಬರಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ. ಚಿತ್ತಾಪುರವೇನು ದೂರವೇ, ನಾಳೆ ಹೋದರಾಯಿತು… ಹೋದ ವರ್ಷ ಅವರ ನಂಬರಿನಿಂದಲೇ ಅವರ ಮಗಳು ಅಕ್ಕೋರು ತೀರಿಕೊಂಡ ಸುದ್ದಿ ಹಾಕಿದಳು. ಗುಂಪಿನಲ್ಲಿ ಆಮೇಲೆ ಜಗಳಗಳೂ ನಿಂತುಹೋದವು.

ಮೊನ್ನೆ ಪರ್ಸಿ ತೊಳೆದ ಸಂಜೆಯೇ ಕುಂಚಾವರಂ ಕಡೆಯ ಹುಡುಗಿಯೊಬ್ಬಳು ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದು ಕಣ್ಣಿಗೆ ಬಿತ್ತು. ಐದು ಮಾದರಿ ನೋಡಿ ಸಿಗ್ಮಾ ಬರೆದಿದ್ದಳು. ಯಾರೂ ಉತ್ತರಿಸಿರಲಿಲ್ಲ. ಮಗಳ ಕೈಯಿಂದ ಚಾಕ್‌ಪೀಸ್ ಇಸಿದುಕೊಂಡು, ಪರ್ಸಿಯ ಒಣಗಿದ ಮೂಲೆಯಲ್ಲಿ ಎಸ್ ಬರೆದು, ಕೆಳಗೆ "ಕೆಲವನ್ನಷ್ಟೇ ನೋಡಿದವರು ಬರೆಯುವುದು" ಅಂತ ಬರೆದು ಫೋಟೋ ಹಾಕಿದೆ. ಅಂಚಿನಲ್ಲಿ ನನ್ನ ಕಾಲ್ಬೆರಳು ಬಂದಿದ್ದವು.

ಬಹಳ ಹೊತ್ತಿನ ಮೇಲೆ ವಾಡಿಯವನು ಬರೆದ: "ಪರ್ಸಿ ಕಂಡು ಎದಿ ಧಸಕ್ಕಂತು." ಸ್ವಲ್ಪ ತಡೆದು ಇನ್ನೊಂದು ಸಾಲು ಬಂತು: "ಎಷ್ಟು ನೋಡಿ ಬರೆದದ್ದು ಅಂತ ಬರದೇ ಇಲ್ಲಲ್ಲೋ ನೀ."

ಎದ್ದು ಹೋಗಿ ಬರೆದು ಬಂದೆ.