ತವರಿಗೆ ಹೋದ ಹಾಲಿವುಡ್ ನಾಯಕಿ

ಹಳೆಯ ವಿಡಿಯೋ ಕ್ಯಾಸೆಟ್ಟಿಗೊಂದು ವಾಸನೆ ಇರುತ್ತದೆ, ನಿಮಗೂ ನೆನಪಿರಬಹುದು. ಡಾಂಬರು ಗುಳಿಗೆ, ಕಾದ ಪ್ಲಾಸ್ಟಿಕ್ಕು, ಸ್ವಲ್ಪ ಬೂಷ್ಟು. ಹೋದ ವಾರ ಅಟ್ಟದ ಟ್ರಂಕಿನಲ್ಲಿ ಅಂಥದ್ದೊಂದು ಸಿಕ್ಕಿತು. ಹುಡುಕಲು ಕಾರಣ ಮಾಳಮಡ್ಡಿಯ ನಮ್ಮ ಮಹಿಳಾ ಮಂಡಳ. ಕಪ್ಪು-ಬಿಳುಪು ಕಾಲದ ಒಬ್ಬ ಹಾಲಿವುಡ್ ನಟಿಯ ಸಿನಿಮಾಗಳ ಬಗ್ಗೆ ಶನಿವಾರ ನಾನು ಮಾತಾಡಬೇಕಂತೆ. "ಬರೇ ಹೊಗಳಬ್ಯಾಡ್ರಿ ಮತ್ತ, ಟೀಕಾನೂ ಮಾಡ್ರಿ. ಕಾನ್ವೆಂಟಿನ್ಯಾಗ ಕಲ್ತೀರಿ, ನಿಮಗೇನ್ ತ್ರಾಸು?" ಎಂದರು ಅಧ್ಯಕ್ಷರು. ನಟಿಯ ಹೆಸರು ಇಲ್ಲಿ ಹೇಳುವುದಿಲ್ಲ. ಸತ್ತವಳ ಮೇಲೆ ದೂರು ಹೇಳುವಾಗ ಅಷ್ಟಾದರೂ ಮರ್ಯಾದೆ ಇರಲಿ.

ಹುರುಪಿನಿಂದ ನಾಲ್ಕು ಪುಟ ಬರೆದೆ. ಆಕೆ ನಿದ್ದೆಯಿಂದ ಏಳುವಾಗಲೂ ತಲೆ ಬಾಚಿರುತ್ತದೆ. ಬಡವಳ ಪಾತ್ರದಲ್ಲೂ ಉಗುರುಗಳು ಹೊಳೆಯುತ್ತವೆ, ಅಡುಗೆಮನೆಯಲ್ಲಿ ಒಂದು ಪಾತ್ರೆಗೂ ಮಸಿ ಹತ್ತಿಲ್ಲ. ಎಷ್ಟು ಅತ್ತರೂ ಮೂಗು ಸೋರುವುದಿಲ್ಲ. ಗಂಡ ಕೆನ್ನೆಗೆ ಬಾರಿಸಿದರೆ ಪಿಟೀಲು ಏಳುತ್ತದೆ, ಬೆಳಕು ಮೆತ್ತಗಾಗುತ್ತದೆ, ಕೆನ್ನೆ ಮಾತ್ರ ಕೆಂಪಾಗುವುದಿಲ್ಲ. ಇದನ್ನು ಓದಿ ತೋರಿಸಿದಾಗ ನಮ್ಮ ಯಜಮಾನರು ನಕ್ಕರು. "ಕಪ್ಪು-ಬಿಳಿ ಸಿನಿಮಾದಾಗ ಕೆಂಪು ಹೆಂಗ ಕಾಣಬೇಕ?" "ಬಾವು ಕಾಣ್ತದಲ್ಲ," ಎಂದೆ. ಅವರು ಮತ್ತೆ ಪೇಪರಿಗೆ ಮುಖ ಹಾಕಿದರು. ಹೊಡೆದವನು ಮರುದಿನ ಹೂವು ಕಳಿಸುತ್ತಾನೆ, ಈಕೆ ಕ್ಷಮಿಸುತ್ತಾಳೆ; ಇಂಥ ಸಿನಿಮಾಗಳೇ ಹೆಂಗಸರಿಗೆ ಸಹಿಸುವುದನ್ನು ಕಲಿಸಿದವು ಎಂದು ಮುಗಿಸಿ ಕೆಳಗೆ ಗೆರೆ ಎಳೆದೆ.

ಆ ಸಾಲು ಬರೆಯುವಾಗ ಕಣ್ಣ ಮುಂದಿದ್ದವರು ನನ್ನ ವೈನಿ, ಅಣ್ಣನ ಹೆಂಡತಿ.

ಇಪ್ಪತ್ತು ವರ್ಷಗಳ ಹಿಂದೆ ವೈನಿ ಮಧ್ಯಾಹ್ನ ಊಟ ಮುಗಿಸಿ ನಮ್ಮ ಮನೆಗೆ ಬರುತ್ತಿದ್ದರು. ನಾನು ಕ್ಯಾಸೆಟ್ ಹಾಕುತ್ತಿದ್ದೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅದನ್ನು ತೋರಿಸಿಕೊಳ್ಳದೆ ನಿದ್ದೆ ಬಾರದು. ಪಕ್ಕದಲ್ಲಿ ಕೂತು ಮಾತು ಮಾತಿಗೂ ಕನ್ನಡ ಮಾಡಿ ಹೇಳುತ್ತಿದ್ದೆ. ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನಾಲಿಗೆ ನೋಡಿ, ಬೈಗುಳ ಬಂದರೆ "ಅಯ್ಯೋ ದೇವರೇ ಅಂದ" ಎನ್ನುತ್ತಿದ್ದೆ. ಮುತ್ತಿನ ದೃಶ್ಯ ಬಂದರೆ ಹಾಲು ಉಕ್ಕೀತೆಂದು ಒಳಗೆ ಓಡುತ್ತಿದ್ದೆ. "ಅಕ್ಕೋರ, ಮುಗದದ ಬರ್ರಿ, ನಿಮ್ಮ ಹಾಲು ಉಕ್ಕೂದಿಲ್ಲ," ಎಂದು ವೈನಿ ಶಾಲೆಯ ಟೀಚರನ್ನು ಕರೆದ ಹಾಗೆ ಚೇಷ್ಟೆಯಿಂದ ಕರೆಯುತ್ತಿದ್ದರು. ನಗುವಾಗ ಅವರ ಬಳೆಗಳು ನನ್ನ ಕಣ್ಣಿಗೆ ಬೀಳುತ್ತಿದ್ದವು. ಎಡಗೈಯ ಹಸಿರು ಬಳೆಗಳ ನಡುವೆ ಒಂದೆರಡು ಯಾವಾಗಲೂ ಬೇರೆ ಹಸಿರು, ಹೊಸವು. ಅಣ್ಣ ಭಜನೆ ಹಾಡುತ್ತಿದ್ದ, ಓಣಿಯವರಿಗೆಲ್ಲ ಬೇಕಾದವನು. ಬಳೆ ಯಾಕೆ ಒಡೆಯುತ್ತವೆ ಎಂದು ನಾನು ಕೇಳಲಿಲ್ಲ.

ಟೀಕೆ ಬರೆದಾಯಿತಲ್ಲ, ಒಂದು ಸಲ ತಾಳೆ ನೋಡೋಣವೆಂದು ಮಗಳ ಲ್ಯಾಪ್‌ಟಾಪಿನಲ್ಲಿ ಆ ಕ್ಯಾಸೆಟ್ಟಿನ ಸಿನಿಮಾವನ್ನೇ ಹುಡುಕಿ ನೋಡಿದೆ. ನಾಯಕಿ ಮನೆ ಬಿಟ್ಟು ಹೋಗಿ, ನಾಲ್ಕು ದಿನಕ್ಕೆ ತಿರುಗಿ ಗಂಡನಲ್ಲಿಗೆ ಬರುತ್ತಾಳೆ ಎಂದೇ ನನ್ನ ನೆನಪು. ಬರಲಿಲ್ಲ. ಉಂಗುರ ತೆಗೆದು ಮೇಜಿನ ಮೇಲಿಟ್ಟಳು, ನಿನ್ನ ಕೈಯ ಏಟು ಇದೇ ಕೊನೆ ಎಂದಳು, ಪೆಟ್ಟಿಗೆ ಎತ್ತಿಕೊಂಡು ನಡೆದಳು. ಸಿನಿಮಾ ಅಲ್ಲಿಗೇ ಮುಗಿಯಿತು. ಹಾಗಾದರೆ ತಿರುಗಿ ಬಂದದ್ದು ಎಲ್ಲಿ?

ನನ್ನ ಬಾಯಲ್ಲಿ.

ಈ ಸಿನಿಮಾ ತೋರಿಸಿದ ಆ ಮಧ್ಯಾಹ್ನ ವೈನಿ ಒಂದು ಬ್ಯಾಗಿನ ಜೊತೆ ಬಂದಿದ್ದರು. ಮಧ್ಯಾಹ್ನದ ಮಟ್ಟಿಗೆ ಬಂದವರ ಬ್ಯಾಗಲ್ಲ. ಜಿಪ್ಪು ಹರಿಯುವಷ್ಟು ಸೀರೆ ತುಂಬಿತ್ತು. ತಾಯಿ-ತಂದೆ ಇಲ್ಲದ ಅವರಿಗೆ ಇಳಿಯಲು ಇದ್ದದ್ದು ನಮ್ಮ ಮನೆಯೊಂದೇ. ನಾನು ಬ್ಯಾಗು ನೋಡಿದೆ, ಕ್ಯಾಸೆಟ್ ಹಾಕಿದೆ. ಕೊನೆಯ ದೃಶ್ಯಕ್ಕೆ ಅವರು ಕೇಳಿದರು, "ಏನಂತಾಳ ಆಕಿ?"

"ತವರಿಗೆ ಹೊಂಟಾಳ್ರಿ ವೈನಿ. ನಾಕ್ ದಿನ ಇದ್ದು ಬರ್ತಾಳಂತ."

"ಉಂಗುರ ಯಾಕ ತೆಗದಿಟ್ಟಳು?"

"ಬೆರಳು ಬಾತಿತ್ತಂತ."

"ತವರಿಗೆ ಹ್ಯಾಟು ಹಾಕ್ಕೊಂಡು ಹೋಗ್ತಾರೇನವಾ?"

"ಅವರ ಕಡೆ ಹಂಗ ರೀ. ಸಿಟ್ಟು ಇಳದ ಮ್ಯಾಲೆ ಬರ್ತಾಳ. ಹೊಡದರೂ ಜೀವ ಅದ ಅವಂಗ ಆಕಿ ಮ್ಯಾಲೆ."

ಟಿವಿ ಬಂದ್ ಮಾಡಿದೆ. ವೈನಿ ಚಹಾ ಕುಡಿದರು, ಕಪ್ಪು ತೊಳೆದಿಟ್ಟರು, ಬ್ಯಾಗು ಎತ್ತಿಕೊಂಡು ಅಣ್ಣನ ಮನೆಗೇ ಹೋದರು. ಮುಂದೆ ಹದಿನೇಳು ವರ್ಷ, ಅಣ್ಣ ತೀರಿಕೊಳ್ಳುವವರೆಗೆ, ಅಲ್ಲೇ ಇದ್ದರು.

ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡಿದ ಮರುದಿನ ವೈನಿಯ ಮನೆಗೆ ಹೋದೆ. ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಅವರ ಎಡಗಿವಿ ಅಣ್ಣನ ಕಾಲದಿಂದಲೂ ಕೇಳುವುದಿಲ್ಲ. ಬಲಗಡೆಗೆ ಬಂದು ಕೂತು ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ತಗೋ. ಇಂಗ್ಲಿಷ್ ಬರೂದಿಲ್ಲ ಖರೇ, ಕಣ್ಣು ಕಾಣ್ತಿದ್ದೂವಲ್ಲ. ಉಂಗುರ ಬಿಚ್ಚಿಟ್ಟು ಯಾರರ ತವರಿಗೆ ಹೋಗ್ತಾರ?"

"ಮತ್ತ ನನ್ನ ಯಾಕ ಕೇಳಿದ್ರಿ ವೈನಿ?"

"ಆಕಿ ಏನಂತಾಳ ಅನ್ನೂದು ನನಗೇನ ಮಾಡೂದಿತ್ತು? ನೀ ಏನಂತಿ ನೋಡೂಣು ಅಂತ ಕೇಳಿದೆ."

ವೈನಿ ಸೊಪ್ಪಿನ ಒಂದು ಕಟ್ಟು ನನ್ನ ಕಡೆ ಸರಿಸಿದರು. ಅರ್ಧ ಸೋಸಿದ ಮೇಲೆ, ಮಂಡಳದಲ್ಲಿ ಆ ನಟಿಯ ಮೇಲಿನ ಟೀಕೆ ಬಿಟ್ಟು ಇದನ್ನೇ ಬರೆದು ಓದಲೇ ಎಂದು ಕೇಳಿದೆ. ಅಣ್ಣನ ವಿಷಯ ಬರುತ್ತದೆ ಎಂದೂ ಹೇಳಿದೆ. ವೈನಿ ಕಡ್ಡಿಗಳನ್ನು ಆರಿಸಿ ಒಂದು ಕಡೆ ಗುಡ್ಡೆ ಹಾಕಿದರು.

"ಓದು. ಜೋರ ಓದು ಮತ್ತ. ನಾನೂ ಬಂದು ಕೂಡ್ತೇನಿ."

ನಾಳೆಯೇ ಶನಿವಾರ. ಅಣ್ಣನ ಭಜನೆಗೆ ತಲೆದೂಗಿದವರೆಲ್ಲ ಅಲ್ಲಿರುತ್ತಾರೆ. ಬೆಳಗಿನಿಂದ ಎರಡು ಸಲ ಗಟ್ಟಿಯಾಗಿ ಓದಿ ನೋಡಿದೆ. ಎರಡೂ ಸಲ ಅಣ್ಣ ಎಂಬ ಮಾತಿನ ಹತ್ತಿರ ದನಿ ಇಳಿಯಿತು. ಮೂರನೆಯ ಸಲ ಓದುತ್ತೇನೆ.