ಕೇಳದೆ ಮುಟ್ಟಿದರೆ

ಅತ್ತೆ ನನ್ನ ಮಗಳ ತಲೆ ಬಾಚುವಾಗಲೆಲ್ಲ ನನಗೆ ಅನುಮಾನ. ಏಳು ವರ್ಷದ ಹುಡುಗಿಯ ಜಡೆಯನ್ನು ಬೆರಳಲ್ಲಿ ಎತ್ತಿ, ಉದ್ದ ನೋಡಿ ಬಿಡುತ್ತಿದ್ದರು. ಹೋದ ವರ್ಷ ಮಗಳು ಡೆಂಗ್ಯೂ ಬಂದು ನೆಲಮಂಗಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಗುಣವಾದರೆ ಶಿವಗಂಗೆಯಲ್ಲಿ ಅವಳ ಮುಡಿ ಕೊಡಿಸುತ್ತೇನೆಂದು ಅವರು ಹರಕೆ ಹೊತ್ತಿದ್ದರು. ಹರಕೆ ಹೊತ್ತವರು ಅವರು, ಬೋಳಾಗಬೇಕಾದದ್ದು ನನ್ನ ಮಗಳ ತಲೆ! ಸುತರಾಂ ಆಗುವುದಿಲ್ಲ ಎಂದೆ.

"ಕೂದ್ಲು ತಾನೇ, ಮತ್ತೆ ಬೆಳೆಯುತ್ತೆ ಬಿಡು," ಎಂದರು ನನ್ನ ಗಂಡ. ಅವರ ನೆತ್ತಿ ಮೂರು ವರ್ಷದಿಂದ ಖಾಲಿಯಾಗುತ್ತಿದೆ. ಅಲ್ಲಿ ಇನ್ನೂ ಏನೂ ಬೆಳೆದಿಲ್ಲ.

ನಾನು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತೇನೆ. ಒಂದು ದಿನ ತಡೆಯಲಾರದೆ ಅವರನ್ನು ಕೇಳಿದೆ: ಒಳ್ಳೆಯದಾಗಲಿ ಅಂತ ಇನ್ನೊಬ್ಬರ ತಲೆ ಬೋಳಿಸಿದರೆ ತಪ್ಪಾ ಸಾರ್?

"ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಅನ್ನೋದು ಆಮೇಲೆ ಕಣಮ್ಮ," ಎಂದರು. "ಬೇಕು ಅಂತ್ಲೇ ಮುಟ್ಟಿದ್ನಾ? ಮುಟ್ಟೋಕೆ ಒಪ್ಪಿಗೆ ಇತ್ತಾ? ಮೊದ್ಲು ಅದನ್ನ ನೋಡ್ಬೇಕು. ಒಪ್ಪಿಗೆ ಇಲ್ದೆ ಬೇಕಂತ ಮುಟ್ಟಿದ್ರೆ, ಗಾಯ ಆಗ್ದಿದ್ರೂ ತಪ್ಪೇ."

"ಚಿಕ್ಕ ಮಗು ಆದ್ರೆ?"

"ಅದರ ಪರವಾಗಿ ಅಪ್ಪ ಅಮ್ಮ ಒಪ್ಪಬೇಕು."

ಅಂದರೆ ನಾನು. ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಬಂದೆ.

ಅಂದಿನಿಂದ ನನ್ನದು ಪತ್ತೇದಾರಿಕೆ. ಅತ್ತೆಯ ಟ್ರಂಕಿನಲ್ಲಿ ಹೊಸ ಗಂಧದ ಪುಡಿಯ ಪೊಟ್ಟಣ ಸಿಕ್ಕಿತು. ಬೋಳಿಸಿದ ತಲೆಗೆ ಹಚ್ಚುವುದು ಗಂಧವನ್ನೇ. ಹಿತ್ತಿಲಲ್ಲಿ ನಿಂತು ಯಾರಿಗೋ ಫೋನಿನಲ್ಲಿ, "ಶನಿವಾರ ಬರ್ತೀನಿ, ಕತ್ತಿ ಚೆನ್ನಾಗಿ ಮಸೆದಿಟ್ಟಿರಪ್ಪಾ," ಎನ್ನುವುದು ಕೇಳಿಸಿತು. ನನ್ನನ್ನು ಕಂಡದ್ದೇ ಕರಿಬೇವು ಕೀಳತೊಡಗಿದರು. ಆ ಶನಿವಾರ ರಜೆ ಕೇಳಿದೆ, ಸಿಗಲಿಲ್ಲ. ಮಧ್ಯಾಹ್ನ ಓಡಿ ಬಂದರೆ ಮನೆಗೆ ಬೀಗ. ಅಜ್ಜಿ ಮೊಮ್ಮಗಳು ಬೆಳಿಗ್ಗೆಯೇ ಶಿವಗಂಗೆ ಬಸ್ಸು ಹತ್ತಿದರೆಂದು ಪಕ್ಕದ ಮನೆಯಾಕೆ ಹೇಳಿದರು.

ಸ್ಕೂಟಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ಜಗಳದ ಮಾತುಗಳನ್ನೇ ಜೋಡಿಸಿಕೊಂಡೆ. ಬೆಟ್ಟದ ಬುಡದಲ್ಲಿ ಮುಡಿ ತೆಗೆಯುವ ಜಾಗದ ಮೆಟ್ಟಿಲ ಮೇಲೆ ಮಗಳು ಕೂತಿದ್ದಳು. ತಲೆ ತೊಟ್ಟಿಕ್ಕುವಷ್ಟು ಒದ್ದೆ. ಕತ್ತಿ ಆಡಿಸುವ ಮೊದಲು ತಲೆ ನೆನೆಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವಳನ್ನು ಎಳೆದು ಅಪ್ಪಿಕೊಂಡೆ. ಜಡೆ ಪೂರ್ತಿ ಇತ್ತು.

"ಬರೀ ಸ್ನಾನ ಮಾಡ್ದೆ ಅಮ್ಮ. ಅಜ್ಜಿ ಅಲ್ಲೈತೆ ನೋಡು."

ಕ್ಷೌರಿಕರ ಮುಂದೆ ತಲೆ ತಗ್ಗಿಸಿ ಕೂತಿದ್ದವರು ನನ್ನ ಅತ್ತೆ. ದಿನಾ ಅರ್ಧ ಗಂಟೆ ಬಾಚಿ ತುರುಬು ಕಟ್ಟುತ್ತಿದ್ದ ಆ ನರೆತ ಕೂದಲೆಲ್ಲ ನೆಲದ ಮೇಲೆ ಬಿದ್ದಿತ್ತು. ಮಗಳ ಕೈ ಹಿಡಿದು ಹತ್ತಿರ ಹೋದೆ.

"ಮಗೀನ ಕೇಳ್ದೆ ಕಣವ್ವಾ, ಬ್ಯಾಡ ಅಂತು," ಎಂದರು ಅತ್ತೆ, ಬೋಳು ತಲೆ ಎತ್ತದೆ. "ಹರಕೆ ಹೊತ್ತೋಳು ನಾನು. ನಂದೇ ತಗೊಳ್ಲಿ ಅಂದ್ಕಂಡೆ. ನಿಂಗ್ ಹೇಳಿದ್ರೆ ನಂದು ಕೊಡಾಕೂ ಬಿಡ್ತಿರ್ಲಿಲ್ಲ ನೀನು."

ನಾನು ಮಗಳತ್ತ ತಿರುಗಿದೆ. "ಅಜ್ಜಿ ನಿನ್ನ ಕೇಳಿದ್ರಾ?"

"ಹೂಂ. ಎರಡು ಸಲ ಕೇಳ್ತು. ನೀನು ಕೇಳ್ಲೇ ಇಲ್ಲ."

ನಿಜ. ಒಂದು ವರ್ಷ ಅವಳ ಕೂದಲಿಗಾಗಿ ಹೋರಾಡಿದ್ದೆ, ಅವಳಿಗೇನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ. ಬಹಳ ನಾಚಿಕೆಯಾಯಿತು. ಗಂಧ ಕಲಸಿ ಅತ್ತೆಯ ಹತ್ತಿರ ಕೂತೆ. ನೆತ್ತಿಯ ಮೇಲೆ ಕತ್ತಿ ತಾಗಿ ಒಂದು ಸಣ್ಣ ಗೀರು ಬಿದ್ದಿತ್ತು. ಕೈ ಮುಂದೆ ಮಾಡಿದವಳು ಅಲ್ಲೇ ತಡೆದೆ.

"ಹಚ್ಲಾ ಅತ್ತೆ?"

"ಅದ್ನೂ ಕೇಳ್ಬೇಕಾ? ಹಚ್ಚು, ಉರೀತೈತೆ," ಎಂದು ಅವರು ತಲೆಯನ್ನು ನನ್ನ ಮಡಿಲಿನತ್ತ ಬಾಗಿಸಿದರು.